ದೋಣಿಯ ಹೊಟ್ಟೆಗೆ ಬಣ್ಣ: ಕರಗಿದರೆ ಮಾತ್ರ ಕೆಲಸ

ಹಾಯಿದೋಣಿಯ ಚಿತ್ರ ಬಿಡಿಸಿ ಅಂದರೆ ನಾವೆಲ್ಲ ಏನು ಬಿಡಿಸುತ್ತೇವೆ? ಒಂದು ತ್ರಿಕೋನದ ಹಾಯಿ, ಅದರ ಕೆಳಗೆ ಬಾಳೆಹಣ್ಣಿನಂಥ ಒಂದು ಗೆರೆ, ಅದರ ಕೆಳಗೆ ಅಲೆ ಅಲೆಯಾಗಿ ನಾಲ್ಕು ಗೀಟು. ಮುಗೀತು. ಆ ಗೀಟಿನ ಕೆಳಗೆ ಏನಿದೆ ಅಂತ ಯಾರೂ ಬಿಡಿಸುವುದಿಲ್ಲ. ಆದರೆ ದೋಣಿ ಇಟ್ಟುಕೊಂಡವರನ್ನು ಕೇಳಿ ನೋಡಿ, ಪ್ರತಿ ವರ್ಷ ಅವರ ಬೆವರು ಹರಿಯುವುದು ಆ ಗೀಟಿನ ಕೆಳಗಿನ ಭಾಗಕ್ಕೇ.

ಇವತ್ತಿನ ಬರಹ ಆ ಕೆಳಗಿನ ಭಾಗಕ್ಕೆ ಹಚ್ಚುವ ಬಣ್ಣದ ಬಗ್ಗೆ. ಬಣ್ಣದ ಬಗ್ಗೆ ಏನು ಇತಿಹಾಸ ಮಾರಾಯ್ರೇ ಅಂತ ಮೂಗು ಮುರಿಯಬೇಡಿ. ಈ ಕಥೆಯಲ್ಲಿ ಬ್ರಿಟಿಷ್ ನೌಕಾಪಡೆ ಇದೆ, ಹಂಫ್ರಿ ಡೇವಿ ಇದ್ದಾನೆ, ಫ್ರಾನ್ಸಿನ ಸಿಂಪಿ ಬೆಳೆಗಾರರಿದ್ದಾರೆ, ನಮ್ಮ ಮಲೆನಾಡಿನ ಅಡಿಕೆ ತೋಟವೂ ಒಂದು ಕ್ಷಣ ಇಣುಕುತ್ತದೆ :)

ನಾನು ತೀರ್ಥಹಳ್ಳಿ ಕಡೆಯವನು. ಸಮುದ್ರಕ್ಕೂ ನಮಗೂ ನಡುವೆ ಆಗುಂಬೆ ಘಾಟಿ ಅಡ್ಡ. ಈಗಿರುವುದು ಅಮೆರಿಕದ ಬಾಸ್ಟನ್ ಹತ್ತಿರ. ಇಲ್ಲೊಬ್ಬ ಗೆಳೆಯನ ಬಳಿ 25 ಅಡಿಯ ಹಳೇ ಫೈಬರ್‌ಗ್ಲಾಸ್ ಹಾಯಿದೋಣಿ ಇದೆ. ಚಳಿಗಾಲವಿಡೀ ಅದು ನೆಲದ ಮೇಲೆ ಪ್ಲಾಸ್ಟಿಕ್ ಹೊದ್ದು ಮಲಗಿರುತ್ತೆ. ಏಪ್ರಿಲ್ ಕೊನೆಗೆ ಹೊದಿಕೆ ತೆಗೆದು, ತಳ ಉಜ್ಜಿ, ಬಣ್ಣ ಬಳಿದು ನೀರಿಗೆ ಇಳಿಸಬೇಕು. ಬಣ್ಣ ಬಳಿಯುವುದಕ್ಕೆ ನಾನು ಸಂಬಳವಿಲ್ಲದ ಆಳು. ಹೀಗೆ ಹೋದಾಗ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುವ ಚಟ ಹತ್ತಿತು. ಆ ಚಟದಿಂದ ಗೊತ್ತಾಗಿದ್ದು ಏನೆಂದರೆ, ಬಾರ್ನಕಲ್ ಕೊಲ್ಲುವಂಥ ಈ ಬಣ್ಣ ಅಮೆರಿಕದ ಕಾನೂನಿನ ಪ್ರಕಾರ ಬರೀ ಬಣ್ಣ ಅಲ್ಲ, ಕೀಟನಾಶಕ! ಹೊಲಕ್ಕೆ ಹೊಡೆಯುವ ಔಷಧಿಯ ಹಾಗೇ ಇದಕ್ಕೂ ಪರಿಸರ ಇಲಾಖೆಯ ನೋಂದಣಿ ಸಂಖ್ಯೆ ಬೇಕು. ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ.

ಮೊದಲು, ಬಣ್ಣ ಯಾಕೆ ಬೇಕು ಅಂತ ನೋಡೋಣ. ಸಮುದ್ರದಲ್ಲಿ ಯಾವ ಗಟ್ಟಿ ವಸ್ತುವನ್ನು ಮುಳುಗಿಸಿಟ್ಟರೂ ಅದು ಸೈಟ್ ಇದ್ದ ಹಾಗೆ. ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ಅದರ ಹಿಂದೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಒಂದು ಪದರ ಲೋಳೆ. ಆಮೇಲೆ ಹಸಿರು ಪಾಚಿಯ ಗಡ್ಡ. ಆಮೇಲೆ ಬಾರ್ನಕಲ್. ಇದು ನೋಡಲಿಕ್ಕೆ ಕಪ್ಪೆಚಿಪ್ಪಿನಂತಿದ್ದರೂ ಏಡಿ, ಸಿಗಡಿಗಳ ಸಂಬಂಧಿ. ಮರಿಯಾಗಿದ್ದಾಗ ಈಜಾಡಿಕೊಂಡಿದ್ದು, ಒಂದು ಜಾಗ ಮೆಚ್ಚಿಕೊಂಡು, ತಲೆ ಊರಿ, ತನ್ನದೇ ಸಿಮೆಂಟಿನಿಂದ ಅಂಟಿಕೊಂಡಿತೆಂದರೆ ಸಾಯುವವರೆಗೂ ಅಲ್ಲೇ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ, ಎಂಟು ವರ್ಷ, ಬರೀ ಬಾರ್ನಕಲ್ ಅಧ್ಯಯನ ಮಾಡಿದ್ದ ಅಂದರೆ ಅವುಗಳ ಸಂಸಾರ ಎಷ್ಟು ದೊಡ್ಡದು ಊಹಿಸಿ.

ಇವು ಕೂತರೆ ದೋಣಿಗೆ ಏನಾಗುತ್ತೆ? ಹಾಯಿದೋಣಿಗೆ ಇರುವುದು ಗಾಳಿಯ ಶಕ್ತಿ ಮಾತ್ರ. ತಳ ಒರಟಾದರೆ ಆ ಶಕ್ತಿಯೆಲ್ಲ ನೀರನ್ನು ಉಜ್ಜುವುದರಲ್ಲೇ ಮುಗಿಯುತ್ತೆ. ಒಂದು ಉದಾಹರಣೆ: 2018ರ ಜುಲೈ 1ರಂದು ಫ್ರಾನ್ಸಿನಿಂದ ಹೊರಟ ಗೋಲ್ಡನ್ ಗ್ಲೋಬ್ ರೇಸ್. ಒಬ್ಬರೇ, ಎಲ್ಲೂ ನಿಲ್ಲದೆ, ಸಣ್ಣ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಪಂದ್ಯ. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಕೂವೆಮರ ಮುರಿದು, ಬೆನ್ನಿಗೆ ಪೆಟ್ಟಾಗಿ ಸಿಕ್ಕಿಬಿದ್ದದ್ದು ಇದೇ ಪಂದ್ಯದಲ್ಲಿ. ಗೆದ್ದ ಫ್ರಾನ್ಸಿನ ಜ್ಯಾನ್ ಲುಕ್ ವಾನ್ ಡೆನ್ ಹೀಡ್ 212 ದಿನಗಳಲ್ಲಿ ಮುಗಿಸಿದರು. ಕೊನೆಯವರಾಗಿ ಬಂದ ಫಿನ್ಲೆಂಡಿನ ತಾಪಿಯೋ ಲೆಹ್ಟಿನೆನ್ ತೆಗೆದುಕೊಂಡದ್ದು 322 ದಿನ. ಅಷ್ಟು ತಡವಾಗಲು ದೊಡ್ಡ ಕಾರಣ ದೋಣಿಯ ತಳದಲ್ಲಿ ಬೆಳೆದಿದ್ದ ಉದ್ದ ಕತ್ತಿನ ಬಾರ್ನಕಲ್ ಕಾಡು. ಇಪ್ಪತ್ತೊಂದನೇ ಶತಮಾನದಲ್ಲೂ!

ಹಿಂದಿನ ಕಾಲದವರಿಗೆ ಇದರ ಜತೆ ಇನ್ನೊಂದು ಪೀಡೆಯೂ ಇತ್ತು. ಟೆರಿಡೋ ಎಂಬ ಹುಳು. ಹೆಸರಿಗೆ ಹುಳು, ಜಾತಿಯಲ್ಲಿ ಚಿಪ್ಪಿನ ಪ್ರಾಣಿ. ಮರದ ದೋಣಿಯೊಳಗೆ ಸುರಂಗ ಕೊರೆದುಕೊಂಡು ಹೋಗುತ್ತೆ. ಹೊರಗಿನಿಂದ ನೋಡಿದರೆ ಹಲಗೆ ಚೆನ್ನಾಗೇ ಇರುತ್ತೆ, ಒಳಗೆ ಜಾಲರಿ.

ಇದಕ್ಕೆ ಅತಿ ಹಳೆಯ ಮದ್ದು ಯಾವುದು ಗೊತ್ತೇ? ದೋಣಿಯನ್ನು ನೀರಿನಿಂದ ಮೇಲಕ್ಕೆ ಎಳೆದುಬಿಡುವುದು! ನಮ್ಮ ಕರಾವಳಿಯಲ್ಲಿ ನಾಡದೋಣಿಗಳನ್ನು ಮೀನು ಹಿಡಿದು ಬಂದ ಮೇಲೆ ಮರಳಿನ ಮೇಲೆ ಎಳೆದಿಡುವುದನ್ನು ನೀವು ನೋಡಿರುತ್ತೀರಿ. ಬಿಸಿಲಿಗೆ ಒಣಗಿದ ತಳದಲ್ಲಿ ಬಾರ್ನಕಲ್ ಮರಿ ಬದುಕುವುದಿಲ್ಲ. ಮರಕ್ಕೆ ಮೀನೆಣ್ಣೆ, ಗೇರು ಸಿಪ್ಪೆಯ ಎಣ್ಣೆ ಹಚ್ಚುವ ರೂಢಿಯೂ ಇತ್ತು. ಎಳೆದಿಡಲು ಆಗದಷ್ಟು ದೊಡ್ಡ ದೋಣಿಗಳಿಗೆ ಮಾತ್ರ ಬೇರೆ ದಾರಿ ಬೇಕಾಯಿತು. ಸೈಪ್ರಸ್ ದ್ವೀಪದ ಕಿರೀನಿಯಾ ಹತ್ತಿರ 1965ರಲ್ಲಿ ಮುಳುಗುಗಾರರೊಬ್ಬರಿಗೆ ಗ್ರೀಕರ ಕಾಲದ ಒಂದು ವ್ಯಾಪಾರಿ ಹಾಯಿದೋಣಿ ಸಿಕ್ಕಿತು. ಸುಮಾರು 14 ಮೀಟರ್ ಉದ್ದ, 2300 ವರ್ಷ ಹಳೆಯದು. ಅದರ ತಳಕ್ಕೆ ಸೀಸದ ತಗಡು ಹೊದಿಸಿದ್ದರು. ಸೀಸ ಹುಳುವನ್ನು ತಡೆಯುತ್ತೆ, ಆದರೆ ತೂಕ ಜಾಸ್ತಿ, ಬಾರ್ನಕಲ್ಲಿಗೆ ಅದರ ಭಯವೇನಿಲ್ಲ.

ಭಯ ಹುಟ್ಟಿಸಿದ್ದು ತಾಮ್ರ.

1761ರಲ್ಲಿ ಬ್ರಿಟಿಷ್ ನೌಕಾಪಡೆ ಅಲಾರ್ಮ್ ಎಂಬ 32 ಫಿರಂಗಿಗಳ ಹಡಗಿನ ತಳಕ್ಕೆ ಪ್ರಯೋಗವಾಗಿ ತೆಳು ತಾಮ್ರದ ತಗಡು ಹೊಡೆಸಿ ವೆಸ್ಟ್ ಇಂಡೀಸಿಗೆ ಕಳಿಸಿತು. ಅಲ್ಲಿನ ಬೆಚ್ಚಗಿನ ನೀರು ಹುಳುಗಳ ಸ್ವರ್ಗ. 1763ರಲ್ಲಿ ವಾಪಸಾದಾಗ ಪರೀಕ್ಷೆ ಮಾಡಿದರು. ತಗಡು ಇದ್ದಲ್ಲೆಲ್ಲ ತಳ ಶುಭ್ರ, ಹುಳು ಇಲ್ಲ, ಬಾರ್ನಕಲ್ ಇಲ್ಲ. ಆದರೆ ಇನ್ನೊಂದು ವಿಚಿತ್ರ. ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ತುಕ್ಕು ಹಿಡಿದು ಹಿಟ್ಟಾಗಿದ್ದವು. ಕೆಲವು ಕಡೆ ಮಾತ್ರ ಮೊಳೆ ಗಟ್ಟಿಯಾಗಿತ್ತು. ಯಾಕೆಂದು ನೋಡಿದರೆ, ತಗಡಿಗೆ ಸುತ್ತಿ ತಂದಿದ್ದ ಕಂದು ಕಾಗದವನ್ನು ಯಾರೋ ಪೂರ್ತಿ ಕಿತ್ತಿರಲಿಲ್ಲ. ಆ ಕಾಗದ ಎರಡು ಲೋಹದ ನಡುವೆ ಉಳಿದಲ್ಲಿ ಮೊಳೆಯೂ ಉಳಿದಿತ್ತು!

ವೋಲ್ಟಾ ಬ್ಯಾಟರಿ ಮಾಡುವುದಕ್ಕೆ ಇನ್ನೂ ಮೂವತ್ತೇಳು ವರ್ಷ ಇತ್ತು. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿದರೆ ಒಂದು ಬ್ಯಾಟರಿಯೇ ಆಗುತ್ತದೆ, ಒಂದು ಕರಗಿ ಇನ್ನೊಂದನ್ನು ಕಾಯುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಆದರೂ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಒತ್ತಡದಲ್ಲಿ, 1779ರಿಂದ ಎರಡು ಮೂರು ವರ್ಷಗಳೊಳಗೆ, ಚಾರ್ಲ್ಸ್ ಮಿಡಲ್ಟನ್ ಎಂಬ ಅಧಿಕಾರಿಯ ಪಟ್ಟಿನಿಂದ ಬ್ರಿಟಿಷರ ಹೆಚ್ಚಿನ ಯುದ್ಧನೌಕೆಗಳೆಲ್ಲ ತಾಮ್ರ ತೊಟ್ಟವು. ಕಬ್ಬಿಣದ ಬೋಲ್ಟುಗಳ ಸಮಸ್ಯೆಗೆ 1780ರ ದಶಕದ ನಡುವಿನ ಹೊತ್ತಿಗೆ ತಾಮ್ರದ ಗಟ್ಟಿ ಬೋಲ್ಟುಗಳು ಬಂದವು. ಇಂಗ್ಲಿಷಿನಲ್ಲಿ 'ಕಾಪರ್ ಬಾಟಮ್ಡ್' ಎಂದರೆ ಪಕ್ಕಾ, ನಂಬಬಹುದಾದದ್ದು ಅನ್ನುವ ಮಾತು ಈ ತಾಮ್ರದ ತಳದಿಂದಲೇ ಬಂದದ್ದು.

ಈಗ ಬರುತ್ತೆ ನೋಡಿ ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ.

ತಾಮ್ರ ಒಳ್ಳೆಯದೇ, ಆದರೆ ವರ್ಷ ವರ್ಷ ತೆಳುವಾಗುತ್ತಾ ಹೋಗುತ್ತೆ. ಬಹಳ ದುಬಾರಿ. ನೌಕಾಪಡೆಯವರು 1823ರಲ್ಲಿ ರಾಯಲ್ ಸೊಸೈಟಿಯ ಸಲಹೆ ಕೇಳಿದರು. ಅದರ ಅಧ್ಯಕ್ಷ ಸರ್ ಹಂಫ್ರಿ ಡೇವಿ. ಗಣಿ ಕಾರ್ಮಿಕರ ದೀಪ ಮಾಡಿದವ, ಸೋಡಿಯಂ, ಪೊಟ್ಯಾಸಿಯಂ ಬೇರ್ಪಡಿಸಿದವ. ಅಷ್ಟು ಹೊತ್ತಿಗೆ ವಿದ್ಯುತ್ ರಸಾಯನಶಾಸ್ತ್ರ ಅವನಿಗೆ ಅಂಗೈ ನೆಲ್ಲಿ. ಅಲಾರ್ಮಿನ ಮೊಳೆಗಳ ಒಗಟು ಅವನಿಗೆ ಒಗಟೇ ಅಲ್ಲ. ತಾಮ್ರಕ್ಕೆ ಒಂದು ತುಂಡು ಸತುವನ್ನೋ ಕಬ್ಬಿಣವನ್ನೋ ತಾಗಿಸಿಡಿ, ಅದು ತಾನು ಕರಗುತ್ತದೆ, ತಾಮ್ರ ಕರಗುವುದಿಲ್ಲ ಎಂದ. 1824ರ ಜನವರಿಯಲ್ಲಿ ಪ್ರಬಂಧ ಓದಿದ. ಪ್ರಯೋಗಗಳಲ್ಲಿ ಮೈಕೆಲ್ ಫ್ಯಾರಡೆಯ ನೆರವೂ ಇತ್ತು. ತಾಮ್ರದ ವಿಸ್ತೀರ್ಣದ ನೂರರಲ್ಲೊಂದು ಭಾಗದಷ್ಟು ಸತು ಇದ್ದರೂ ಸಾಕಿತ್ತು. ನೌಕಾಪಡೆ ಖುಷಿಯಾಗಿ ಹಡಗುಗಳಿಗೆ ಅಳವಡಿಸಿತು. ಮೊದಮೊದಲು ಇದನ್ನು ಹಾಕಿಸಿಕೊಂಡ ಹಡಗುಗಳಲ್ಲಿ ಒಂದು ಸಮರಾಂಗ್, ನಮ್ಮ ಪಶ್ಚಿಮ ಕರಾವಳಿಯ ಕೊಚ್ಚಿಯಲ್ಲೇ ಕಟ್ಟಿದ ಹಡಗು.

ಡೇವಿಯ ಲೆಕ್ಕ ನೂರಕ್ಕೆ ನೂರು ಸರಿಯಾಯಿತು. ತಾಮ್ರ ಕರಗುವುದು ನಿಂತಿತು. ಹಡಗುಗಳು ಸಮುದ್ರ ಸುತ್ತಿ ಬಂದಾಗ ತಾಮ್ರ ಹೊಸದರಂತೆ ಇತ್ತು. ಆದರೆ... ಅದರ ಮೇಲೆ ಪಾಚಿ, ಬಾರ್ನಕಲ್, ಎಲ್ಲ ಕೂತಿದ್ದವು!

ಯಾಕೆ ಅಂತ ಅರ್ಥವಾಯಿತಲ್ಲ? ತಾಮ್ರ ಇದೆ ಅನ್ನುವ ಕಾರಣಕ್ಕೆ ಬಾರ್ನಕಲ್ ದೂರ ಇರುತ್ತಿರಲಿಲ್ಲ. ತಾಮ್ರ ಕರಗುತ್ತಿದೆ, ತಳದ ಸುತ್ತ ನೀರಿನಲ್ಲಿ ವಿಷದ ಒಂದು ತೆಳು ಪದರ ಇದೆ ಅನ್ನುವ ಕಾರಣಕ್ಕೆ ದೂರ ಇತ್ತು. ಕರಗುವುದನ್ನು ನಿಲ್ಲಿಸಿದರೆ ರಕ್ಷಣೆಯೂ ನಿಂತಿತು. ಹಡಗಿನವರು ಗೊಣಗಿದರು, ಪತ್ರಿಕೆಗಳು ಆಡಿಕೊಂಡವು, 1825ರಲ್ಲಿ ಸಮುದ್ರಕ್ಕೆ ಹೋಗುವ ಹಡಗುಗಳಿಂದ ಡೇವಿಯ ರಕ್ಷಕಗಳನ್ನು ತೆಗೆಸುವ ಆದೇಶವಾಯಿತು. ಅವನಿಗೆ ಇದು ದೊಡ್ಡ ಅವಮಾನ. 1829ರಲ್ಲಿ ಜಿನೀವಾದಲ್ಲಿ ತೀರಿಕೊಂಡ.

ಹಾಗೆ ನೋಡಿದರೆ ಮುಂದಿನ ಇನ್ನೂರು ವರ್ಷದ ಇತಿಹಾಸವೆಲ್ಲ ಡೇವಿ ತನಗೆ ಬೇಡದೆಯೂ ತೋರಿಸಿಕೊಟ್ಟ ಈ ಒಂದೇ ಸಂಗತಿಯ ವಿಸ್ತರಣೆ. ತಳದ ಬಣ್ಣ ಕೆಲಸ ಮಾಡುತ್ತಿದೆ ಅಂದರೆ ಅದು ಕರಗುತ್ತಿದೆ ಅಂತ ಅರ್ಥ. ಕರಗಿದ್ದು ಎಲ್ಲಿಗೋ ಹೋಗಲೇಬೇಕು.

ಮುಂದೆ ಹೋಗೋಣ. ತಗಡು ಹೊದಿಸುವುದು ನೌಕಾಪಡೆಗೆ, ದೊಡ್ಡ ವ್ಯಾಪಾರಿಗಳಿಗೆ ಸರಿ. ಸಣ್ಣ ದೋಣಿಯವರು ಏನು ಮಾಡಬೇಕು? ಉತ್ತರ ಬಂದದ್ದು ನಾನಿರುವ ಕಡೆಯಿಂದಲೇ ಅನ್ನುವುದು ನನಗೆ ಖುಷಿ. ಬಾಸ್ಟನ್ನಿನಿಂದ ಉತ್ತರಕ್ಕೆ ಗ್ಲೌಸ್ಟರ್ ಅಂತ ಹಳೇ ಮೀನುಗಾರರ ಊರಿದೆ. ಅಲ್ಲಿನ ಟಾರ್ ಮತ್ತು ವಾನ್ಸನ್ ಎಂಬಿಬ್ಬರು 1863ರಲ್ಲಿ ತಾಮ್ರದ ಆಕ್ಸೈಡನ್ನು ಟಾರಿನಲ್ಲಿ ಕಲಸಿ, ನಾಫ್ತಾ ಸೇರಿಸಿ ತೆಳುವಾಗಿಸಿ, ಕುಂಚದಲ್ಲಿ ಬಳಿಯುವ ಬಣ್ಣಕ್ಕೆ ಪೇಟೆಂಟ್ ಪಡೆದರು. ಅಂದರೆ ತಾಮ್ರದ ತಗಡು ಈಗ ಡಬ್ಬಿಯಲ್ಲಿ ಸಿಗತೊಡಗಿತು! ಮೀನುಗಾರರ ಹಾಯಿದೋಣಿಗಳಿಗೆ ಅದು ವರದಾನವಾಯಿತು. ಇಂಗ್ಲೆಂಡಿನಲ್ಲಿ ಕಬ್ಬಿಣದ ಹಡಗುಗಳ ಕಾಲ ಬಂದಾಗ (ಕಬ್ಬಿಣಕ್ಕೆ ತಾಮ್ರದ ತಗಡು ತಾಗಿಸಿದರೆ ಏನಾಗುತ್ತೆ ಅಂತ ಅಲಾರ್ಮ್ ಹೇಳಿತ್ತಲ್ಲ) ಅಲ್ಲೂ ಬಣ್ಣಗಳೇ ಗತಿಯಾದವು. 1860ರಲ್ಲಿ ಲಿವರ್‌ಪೂಲಿನ ಮ್ಯಾಕಿನಿಸ್ ಎಂಬಾತ ಬಳಸಿದ್ದು ತಾಮ್ರದ ಸಲ್ಫೇಟ್.

ತಾಮ್ರದ ಸಲ್ಫೇಟ್ ಅಂದರೆ ಯಾವುದು? ನಮ್ಮ ಮೈಲುತುತ್ತ! ಮಳೆಗಾಲದಲ್ಲಿ ಅಡಿಕೆ ಕೊನೆಗೆ ಕೊಳೆರೋಗ ಬರಬಾರದು ಅಂತ ಸುಣ್ಣದ ಜತೆ ಕಲಸಿ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಇದನ್ನು ಅಡಿಕೆ ಬೆಳೆಗಾರರಿಗೆ ಕಲಿಸಿಕೊಟ್ಟರು. ಕೊನೆಗೌಡ ಮರದ ಮೇಲೆ ನೇತಾಡಿಕೊಂಡು ಹೊಡೆದ ನೀಲಿ ಔಷಧಿಯೂ, ಇಲ್ಲಿ ನಾನು ನೆಲದಲ್ಲಿ ಮಲಗಿಕೊಂಡು ಬಳಿಯುವ ಬಣ್ಣವೂ ತತ್ವದಲ್ಲಿ ಒಂದೇ ಎಂದು ತಿಳಿದಾಗ ಈ ಕೆಲಸ ನನಗೆ ಅಷ್ಟೇನೂ ಪರದೇಶಿ ಅನ್ನಿಸಲಿಲ್ಲ :)

ಆ ಬೋರ್ಡೋ ಅಂದರೆ ಫ್ರಾನ್ಸಿನ ದ್ರಾಕ್ಷಿಯ ಊರು. ಅದರ ಪಶ್ಚಿಮಕ್ಕೆ, ಸಮುದ್ರದ ಅಂಚಿಗೆ ಆರ್ಕಶಾನ್ ಅಂತ ಒಂದು ಕೊಲ್ಲಿ. ಕಥೆಯ ಮುಂದಿನ ಘಟ್ಟ ಅಲ್ಲಿ.

ಎರಡನೇ ಮಹಾಯುದ್ಧದ ನಂತರ, 1950ರ ದಶಕದಲ್ಲಿ, ನೆದರ್ಲೆಂಡ್ಸಿನ ವಿಜ್ಞಾನಿಗಳು ತವರದ ಕೆಲವು ಸಾವಯವ ಸಂಯುಕ್ತಗಳು ಭಯಂಕರ ವಿಷ ಅಂತ ಕಂಡುಕೊಂಡರು. ಅದರಲ್ಲೊಂದು ಟ್ರೈಬ್ಯುಟೈಲ್ ಟಿನ್, ಚಿಕ್ಕದಾಗಿ ಟಿಬಿಟಿ. 1960ರ ದಶಕದಲ್ಲಿ ಅದು ದೋಣಿಯ ಬಣ್ಣಕ್ಕೆ ಬಂತು. 1970ರ ದಶಕದಲ್ಲಿ ಇನ್ನೂ ಚತುರ ಬಣ್ಣ ಬಂತು: ನೀರಿನಲ್ಲಿ ಸೋಪಿನ ಹಾಗೆ ಪದರ ಪದರವಾಗಿ ಸವೆಯುತ್ತಾ, ಸದಾ ಹೊಸ ವಿಷದ ಮುಖವನ್ನೇ ತೋರಿಸುತ್ತಾ, ವರ್ಷಗಟ್ಟಲೆ ಬಾಳುವಂಥದ್ದು. ಎಲ್ಲರಿಗೂ ಸಂಭ್ರಮ. ಹಡಗಿನವರಿಗೆ ಎಣ್ಣೆ ಉಳಿಯಿತು, ಸಣ್ಣ ದೋಣಿಯವರಿಗೆ ವರ್ಷ ವರ್ಷ ಉಜ್ಜುವ ಕಷ್ಟ ತಪ್ಪಿತು.

ಆರ್ಕಶಾನ್ ಕೊಲ್ಲಿಯಲ್ಲಿ ತಲೆಮಾರುಗಳಿಂದ ಸಿಂಪಿ ಬೆಳೆಯುತ್ತಾರೆ. ನಮ್ಮಲ್ಲಿ ಭತ್ತದ ಸಸಿಮಡಿ ಇದ್ದ ಹಾಗೆ ಅಲ್ಲಿ ಸಿಂಪಿಯ ಮರಿಗಳನ್ನು ಹಿಡಿದು ಬೆಳೆಸುವ ಕೃಷಿ. ಅದೇ ಕೊಲ್ಲಿಯಲ್ಲಿ ಬೇಸಿಗೆಗೆ ಸಾವಿರಾರು ವಿಹಾರದ ದೋಣಿಗಳು ಲಂಗರು ಹಾಕಿಕೊಂಡಿರುತ್ತವೆ. 1977ರ ನಂತರ ಸಿಂಪಿಗೆ ಮರಿ ನಿಲ್ಲುವುದೇ ನಿಂತುಹೋಯಿತು. ಇದ್ದ ದೊಡ್ಡ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪವಾಗುತ್ತಾ ಉಂಡೆಯಂತಾಯಿತು, ಚಿಪ್ಪಿನ ಪದರಗಳ ನಡುವೆ ಅಂಟಂಟು ಲೋಳೆ, ಒಳಗೆ ಮಾಂಸವೇ ಇಲ್ಲ. ವರ್ಷಕ್ಕೆ 10,000ದಿಂದ 15,000 ಟನ್ ಇದ್ದ ಬೆಳೆ 1981ರಲ್ಲಿ 3,000 ಟನ್ನಿಗೆ ಬಿತ್ತು. ಬೆಳೆಗಾರರು ಕಂಗಾಲು. ಕ್ಲೋಡ್ ಅಲ್ಜ್ಯೂ ಮತ್ತು ಜತೆಗಾರ ವಿಜ್ಞಾನಿಗಳು ಜಾಡು ಹಿಡಿದು ಹೋದರೆ ಸಿಕ್ಕಿದ್ದು ತವರ. ಮರಿನಾಗಳ ಹತ್ತಿರ ಹೋದಷ್ಟೂ ಸಿಂಪಿ ಹೆಚ್ಚು ವಿಕಾರ.

ಕಾರಣ ಕಾರ್ಖಾನೆಯಲ್ಲ, ತೈಲದ ಹಡಗಲ್ಲ. ವಾರಾಂತ್ಯಕ್ಕೆ ಮಾತ್ರ ಹಾಯಿ ಬಿಚ್ಚುವ ಪುಟ್ಟ ಪುಟ್ಟ ದೋಣಿಗಳು. ಯೋಚಿಸಿ ನೋಡಿದರೆ ಸರಿಯೇ. ದೊಡ್ಡ ಹಡಗು ಹೆಚ್ಚು ಕಾಲ ಆಳ ಸಮುದ್ರದಲ್ಲಿ ಓಡಾಡಿಕೊಂಡಿರುತ್ತೆ. ಸಣ್ಣ ದೋಣಿ ಹೆಚ್ಚು ಕಾಲ ಸುಮ್ಮನೆ ನಿಂತಿರುತ್ತೆ, ಅದೂ ಆಳವಿಲ್ಲದ, ನೀರು ನಿಧಾನವಾಗಿ ಬದಲಾಗುವ ಕೊಲ್ಲಿಯಲ್ಲಿ. ಮೀನು, ಸಿಂಪಿ, ಸಿಗಡಿ ಮರಿ ಮಾಡುವುದೂ ಅಂಥ ಜಾಗದಲ್ಲೇ.

ಫ್ರಾನ್ಸ್ 1982ರ ಜನವರಿಯಲ್ಲಿ ಸಣ್ಣ ದೋಣಿಗಳಿಗೆ ಈ ಬಣ್ಣ ನಿಷೇಧಿಸಿತು. ಅದೇ ವರ್ಷದ ಬೇಸಿಗೆಯಿಂದಲೇ ಸಿಂಪಿ ಮರಿಗಳು ಮತ್ತೆ ಕಾಣಿಸಿಕೊಂಡವು. ಇದು ನನಗೆ ಬಹಳ ದೊಡ್ಡ ವಿಷಯ ಅನ್ನಿಸುತ್ತೆ. ಪರಿಸರದ ಕಥೆಗಳಲ್ಲಿ ಇಷ್ಟು ಬೇಗ ಒಳ್ಳೆಯ ಸುದ್ದಿ ಬರುವುದು ಅಪರೂಪ.

ಅತ್ತ ಇಂಗ್ಲೆಂಡಿನ ಕರಾವಳಿಯಲ್ಲಿ ಡಾಗ್‌ವೆಲ್ಕ್ ಎಂಬ ಸಮುದ್ರದ ಬಸವನಹುಳು ಮಾಯವಾಗುತ್ತಿತ್ತು. ಹೆಣ್ಣು ಹುಳುಗಳಿಗೆ ಗಂಡಿನ ಅಂಗ ಬೆಳೆದು ಮೊಟ್ಟೆಯ ದಾರಿ ಮುಚ್ಚಿಹೋಗುತ್ತಿತ್ತು. ಪ್ಲಿಮತ್ತಿನ ಬ್ರಯನ್ ಮತ್ತು ಗಿಬ್ಸ್ 1980ರ ದಶಕದಲ್ಲಿ ಇದಕ್ಕೂ ಟಿಬಿಟಿಯೇ ಕಾರಣ ಎಂದು ತೋರಿಸಿದರು. ಇದಕ್ಕೆ ಸಾಕಾಗುವ ಪ್ರಮಾಣ ಲೀಟರಿಗೆ ಸುಮಾರು 1 ನ್ಯಾನೋಗ್ರಾಂ. ಲೆಕ್ಕ ಹಾಕಿ ನೋಡಿ: ಒಲಿಂಪಿಕ್ಸ್ ಈಜುಕೊಳದ 25 ಲಕ್ಷ ಲೀಟರ್ ನೀರಿಗೆ ಎರಡೂವರೆ ಮಿಲಿಗ್ರಾಂ. ಒಂದು ಸಾಸಿವೆ ಕಾಳಿನ ತೂಕ!

ಇಂಗ್ಲೆಂಡ್ 1987ರಲ್ಲಿ, ಅಮೆರಿಕ 1988ರಲ್ಲಿ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಟಿಬಿಟಿ ನಿಲ್ಲಿಸಿದವು (ಅಮೆರಿಕದಲ್ಲಿ ಅಲ್ಯೂಮಿನಿಯಂ ದೋಣಿಗಳಿಗೆ ವಿನಾಯಿತಿ ಇತ್ತು). ದೊಡ್ಡ ಹಡಗುಗಳ ಸರದಿ ಬರಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಅಂತರರಾಷ್ಟ್ರೀಯ ಒಪ್ಪಂದ ಆದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರ ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಲೋಕದ ಬಂದರುಗಳ ಹೂಳಿನಲ್ಲೆಲ್ಲ ಅದು ಸೇರಿಕೊಂಡಾಗಿತ್ತು. ನಮ್ಮ ಕಾರವಾರದ ಪಕ್ಕದ ಗೋವಾದಲ್ಲಿ, ಮರ್ಮಗೋವಾ ಬಂದರಿನ ಹೂಳಿನಲ್ಲೂ ವಿಜ್ಞಾನಿಗಳಿಗೆ ಅದು ಸಿಕ್ಕಿದೆ.

ತವರ ಹೋಯಿತು, ಮತ್ತೆ ತಾಮ್ರ ಬಂತು. ಆದರೆ ಕೆಲವು ಪಾಚಿಗಳಿಗೆ ತಾಮ್ರ ಸಾಲದು. ಅದಕ್ಕೆ ಇರ್ಗರಾಲ್ ಎಂಬ ಕಳೆನಾಶಕ ಬೆರೆಸಿದರು. 1993ರ ಹೊತ್ತಿಗೆ ಫ್ರಾನ್ಸಿನ ದಕ್ಷಿಣ ಕರಾವಳಿಯ ಮರಿನಾಗಳ ನೀರಿನಲ್ಲಿ ಅದೂ ಸಿಕ್ಕಿತು. ಪಾಚಿ ಕೊಲ್ಲುವ ವಿಷಕ್ಕೆ ಸಮುದ್ರದ ಹುಲ್ಲು, ಹವಳದ ಪಾಚಿ ಎಂಬ ಭೇದವಿಲ್ಲವಲ್ಲ. 2023ರ ಜನವರಿ 1ರಿಂದ ಅದಕ್ಕೂ ಅಂತರರಾಷ್ಟ್ರೀಯ ನಿಷೇಧ. ಈ ವರಸೆ ನೋಡಿದಿರಾ? ಪ್ರತಿ ಸಲವೂ ಡಬ್ಬಿ ಹೊಸದು, ಸಂಗತಿ ಡೇವಿಯದೇ.

ಹಾಗಾದರೆ ತಾಮ್ರ ಪರವಾಗಿಲ್ಲವೇ? ಗೆಳೆಯನ ದೋಣಿಯ ಲೆಕ್ಕ ಹಾಕಿದೆ. ನೀರಿನ ಮಟ್ಟದಲ್ಲಿ ಉದ್ದ ಆರೂವರೆ ಮೀಟರ್, ಅಗಲ 2.4, ಆಳ 1.4. ಅಗಲಕ್ಕೆ ಆಳ ಕೂಡಿಸಿ, ಉದ್ದದಿಂದ ಗುಣಿಸಿ, ಕೆಳಗೆ ರೆಕ್ಕೆಯಂಥ ಕೀಲ್ ಇರುವ ದೋಣಿಯಾದರೆ ಅದರ ಅರ್ಧದಿಂದ ಮುಕ್ಕಾಲು ಹಿಡಿಯಬೇಕು. ಸುಮಾರು 15 ಚದರ ಮೀಟರ್ ಬಂತು. ಕ್ಯಾಲಿಫೋರ್ನಿಯಾ 2018ರ ಜುಲೈಯಿಂದ ವಿಹಾರದೋಣಿಯ ಬಣ್ಣಕ್ಕೆ ಒಂದು ಮಿತಿ ಹಾಕಿದೆ: ಒಂದು ಚದರ ಸೆಂಟಿಮೀಟರಿನಿಂದ ದಿನಕ್ಕೆ 9.5 ಮೈಕ್ರೋಗ್ರಾಂಗಿಂತ ಹೆಚ್ಚು ತಾಮ್ರ ಬಿಡಬಾರದು. ಆ ಮಿತಿಯಲ್ಲೇ ಇದ್ದರೂ ಈ ಪುಟ್ಟ ದೋಣಿ ದಿನಕ್ಕೆ ಸುಮಾರು 1.4 ಗ್ರಾಂ, ವರ್ಷವಿಡೀ ನೀರಿನಲ್ಲಿದ್ದರೆ ಅರ್ಧ ಕೆಜಿ ತಾಮ್ರ ಬಿಡುತ್ತೆ. ಸಮುದ್ರಜೀವಿಗಳಿಗಾಗಿ ಅಲ್ಲಿ ನಿಗದಿ ಮಾಡಿದ ಮಟ್ಟ ಲೀಟರಿಗೆ 3.1 ಮೈಕ್ರೋಗ್ರಾಂ. ಅಂದರೆ ಒಂದು ದಿನದ ತಾಮ್ರ ನಾಲ್ಕೂವರೆ ಲಕ್ಷ ಲೀಟರ್ ನೀರನ್ನು ಆ ಮಟ್ಟಕ್ಕೆ ತರಲು ಸಾಕು. ಒಂದು ದೋಣಿ ಕಡಲಿಗೆ ಲೆಕ್ಕವಲ್ಲ. ಒಂದು ಮುಚ್ಚಿದ ಮರಿನಾದಲ್ಲಿ 2,000 ದೋಣಿ ನಿಂತರೆ ವರ್ಷಕ್ಕೆ ಒಂದು ಟನ್. ಸ್ಯಾನ್ ಡಿಯಾಗೋದ ಶೆಲ್ಟರ್ ಐಲೆಂಡ್ ಮರಿನಾದಲ್ಲಿ ಇದೇ ಸಮಸ್ಯೆಯಾಗಿ, 2005ರಲ್ಲಿ ಅಲ್ಲಿನ ಜಲಮಂಡಳಿ ತಾಮ್ರವನ್ನು ಶೇಕಡ 76ರಷ್ಟು ಇಳಿಸಬೇಕೆಂದು ಗುರಿ ಹಾಕಿತು.

ಹಾಗಂತ ನಿಷೇಧ ಸುಲಭವೂ ಅಲ್ಲ. ವಾಷಿಂಗ್ಟನ್ ರಾಜ್ಯ 2011ರಲ್ಲಿ ಸಣ್ಣ ವಿಹಾರದೋಣಿಗಳಿಗೆ ತಾಮ್ರದ ಬಣ್ಣ ನಿಲ್ಲಿಸುವ ಕಾನೂನು ಮಾಡಿತು. ಆಮೇಲೆ ಅಲ್ಲಿನ ಪರಿಸರ ಇಲಾಖೆಯೇ ಅಧ್ಯಯನ ಮಾಡಿ, ತಾಮ್ರದ ಬದಲು ಬರುವ ಕೆಲವು ವಿಷಗಳು ಅದಕ್ಕಿಂತ ಕೆಟ್ಟವಾಗಿರಬಹುದು ಎಂದಿತು. 2018ರಲ್ಲೊಮ್ಮೆ, 2020ರಲ್ಲೊಮ್ಮೆ ಕಾನೂನನ್ನು ಮುಂದೂಡಿದರು. ತವರದ ಪಾಠ ಕಲಿತವರು ಮಾಡಿದ ಕೆಲಸ ಅದು ಅಂತ ನನ್ನ ಅಭಿಪ್ರಾಯ.

ಇನ್ನು, ಅಂಗಡಿಯಲ್ಲಿ ನಿಂತಾಗ ಯಾವ ಡಬ್ಬಿ ಎತ್ತಿಕೊಳ್ಳಬೇಕು? ನಾವು ಮಾಡುವ ಕ್ರಮ ಹೇಳುತ್ತೇನೆ.

ಮೊದಲ ಪ್ರಶ್ನೆ: ಬಣ್ಣ ಬೇಕೇ ಬೇಕಾ? ಟ್ರೇಲರಿನ ಮೇಲೆ ತಂದು, ಸಂಜೆ ಮೇಲಕ್ಕೆ ಎಳೆಯುವ ದೋಣಿಗೆ ವಿಷದ ಬಣ್ಣವೇ ಬೇಡ. ನಮ್ಮ ನಾಡದೋಣಿಯವರ ಉಪಾಯವೇ ಸಾಕು. ಬೇಕು ಅಂದರೆ, ಗಟ್ಟಿ ಬಣ್ಣವೋ ಸವೆಯುವ ಬಣ್ಣವೋ? ಗಟ್ಟಿಯದರಲ್ಲಿ ಬಣ್ಣದ ಪದರ ಹಾಗೇ ಉಳಿದು ಒಳಗಿನ ತಾಮ್ರ ಮಾತ್ರ ಹೊರಬರುತ್ತೆ. ಉಜ್ಜಿ ತೊಳೆಯಬಹುದು, ರೇಸಿನವರಿಗೆ ಇಷ್ಟ. ಆದರೆ ವರ್ಷ ವರ್ಷ ಪದರದ ಮೇಲೆ ಪದರ ಸೇರುತ್ತಾ ಹೋಗುತ್ತೆ, ನೀರಿನಿಂದ ಹೊರಗೆ ಬಹಳ ಕಾಲ ಇಟ್ಟರೆ ಕಸುವೂ ಕಡಿಮೆಯಾಗುತ್ತೆ. ಸವೆಯುವ ಬಣ್ಣ ತಾನೇ ಕರಗಿ ತೆಳುವಾಗುತ್ತೆ, ಚಳಿಗಾಲಕ್ಕೆ ಮೇಲೆತ್ತುವ ನಮ್ಮಂಥ ಊರಿಗೆ ಹೊಂದುತ್ತೆ. ಅದನ್ನು ನೀರಿನಲ್ಲಿರುವಾಗ ಜೋರಾಗಿ ಉಜ್ಜಬಾರದು, ಮೋಡದಂತೆ ತಾಮ್ರ ಎದ್ದು ನೀರಿಗೆ ಸೇರುತ್ತೆ. ವಿಷವಿಲ್ಲದ ಸಿಲಿಕೋನ್ ಬಣ್ಣಗಳೂ ಇವೆ. ಬಾರ್ನಕಲ್ ಕೂರುತ್ತೆ, ಆದರೆ ಹಿಡಿತ ಸಿಗುವುದಿಲ್ಲ, ವೇಗಕ್ಕೆ ಜಾರುತ್ತೆ. ಸುಮ್ಮನೆ ನಿಂತ ದೋಣಿಗೆ ಅದರ ಲಾಭ ಕಡಿಮೆ, ಬೆಲೆ ಹೆಚ್ಚು. ದೋಣಿ ಅಲ್ಯೂಮಿನಿಯಮ್ಮಿನದಾದರೆ ಮಾಮೂಲಿ ತಾಮ್ರದ ಬಣ್ಣ ಬೇಡವೇ ಬೇಡ. ಅಲಾರ್ಮಿನ ಮೊಳೆ ನೆನಪಿದೆಯಲ್ಲ.

ಗೆಳೆಯನ ದೋಣಿ ನೀರಿನಲ್ಲಿರುವುದು ವರ್ಷಕ್ಕೆ ಐದೇ ತಿಂಗಳು, ನೀರು ತಣ್ಣಗೆ. ಹಾಗಾಗಿ ನಾವು ಆರಿಸುವುದು ತಾಮ್ರ ಕಡಿಮೆ ಇರುವ, ಸವೆಯುವ ಬಣ್ಣ. ಅಂಗಡಿಯಾತ ಪ್ರತಿ ವರ್ಷ ಅತಿ ಹೆಚ್ಚು ತಾಮ್ರದ ಡಬ್ಬಿ ತೋರಿಸಿ 'ಇದು ಸ್ಟ್ರಾಂಗ್' ಅನ್ನುತ್ತಾನೆ. ಫ್ಲೋರಿಡಾದ ಬೆಚ್ಚಗಿನ ನೀರಿಗೆ ಅದು ಬೇಕಾಗಬಹುದು. ಇಲ್ಲಿಗೆ ಯಾಕೆ?

ಬಳಿಯುವ ಕ್ರಮವೂ ಇತಿಹಾಸವೇ. ಹಳೇ ಬಣ್ಣವನ್ನು ಒಣಗಿದ್ದಾಗ ಉಜ್ಜಬಾರದು, ಒದ್ದೆ ಮಾಡಿಕೊಂಡೇ ಉಜ್ಜಬೇಕು. ಎದ್ದ ಧೂಳು ವಿಷ, ಮುಖಕ್ಕೆ ಸರಿಯಾದ ಮಾಸ್ಕ್ ಬೇಕು. ಕೆಳಗೆ ಟಾರ್ಪಾಲ್ ಹಾಸಿ ಬಿದ್ದದ್ದನ್ನೆಲ್ಲ ಒಟ್ಟುಮಾಡಬೇಕು, ಮಳೆನೀರಿನ ಚರಂಡಿ ನೇರ ಕೊಲ್ಲಿಗೆ ಹೋಗುತ್ತೆ. ಡಬ್ಬಿಯನ್ನು ಚೆನ್ನಾಗಿ ಕಲಕಬೇಕು, ತಾಮ್ರದ ಆಕ್ಸೈಡ್ ಭಾರ, ತಳದಲ್ಲಿ ರಾಗಿಮುದ್ದೆಯಂತೆ ಕೂತಿರುತ್ತೆ. ಮೊದಲ ಕೋಟಿಗೆ ಒಂದು ಬಣ್ಣ, ಎರಡನೆಯದಕ್ಕೆ ಬೇರೆ. ಕೆಳಗಿನ ಬಣ್ಣ ಇಣುಕಿದಾಗ ಮೇಲಿನದು ಸವೆದಿದೆ ಅಂತ ಗೊತ್ತಾಗುತ್ತೆ. ನೀರಿನ ಗೆರೆ, ಚುಕ್ಕಾಣಿ, ಮುಂದಿನ ಅಂಚು ಬೇಗ ಸವೆಯುತ್ತವೆ, ಅಲ್ಲಿ ಮಾತ್ರ ಮೂರನೇ ಕೋಟು. ಎಲ್ಲ ಕಡೆ ಮೂರು ಬಳಿದರೆ ವಿಷ ದಂಡ.

ಕೊನೆಯ ಮಾತು: ಪ್ರೊಪೆಲರಿನ ದಂಡಕ್ಕೆ ಒಂದು ಸಣ್ಣ ಸತುವಿನ ಗುಂಡು ಸಿಕ್ಕಿಸಿರುತ್ತಾರೆ. ಅದರ ಮೇಲೆ ಮಾತ್ರ ಬಣ್ಣ ತಾಗಿಸಬಾರದು. ಅದು ತಾನು ಕರಗಿ ಪ್ರೊಪೆಲರನ್ನು ಕಾಯುತ್ತೆ. ಹೌದು, ಅದು ಡೇವಿಯ ಸತುವೇ! 1825ರಲ್ಲಿ ಕಿತ್ತು ಬಿಸಾಡಿದ್ದು ಇವತ್ತು ಪುಟ್ಟ ದೋಣಿಯಿಂದ ಹಿಡಿದು ದೊಡ್ಡ ಹಡಗು, ನೆಲದಡಿಯ ಕೊಳವೆಗಳವರೆಗೆ ಎಲ್ಲ ಕಡೆ ಇದೆ.

ಅಂದ ಹಾಗೆ ಗ್ಲೌಸ್ಟರಿನ ಆ ಟಾರ್ ಮತ್ತು ವಾನ್ಸನ್ ಬಣ್ಣದ ಕಾರ್ಖಾನೆ ಬಂದರಿನ ಬಾಯಲ್ಲಿ ಇನ್ನೂ ಕೆಂಪಗೆ ನಿಂತಿದೆ. ಬಣ್ಣ ಮಾಡುವುದು ಎಂದೋ ನಿಂತುಹೋಯಿತು. 2008ರಲ್ಲಿ ಅದನ್ನು ಕೊಂಡವರು ಓಷನ್ ಅಲಯನ್ಸ್ ಎಂಬ ಸಂಸ್ಥೆಯವರು. ತಿಮಿಂಗಿಲಗಳ ಅಧ್ಯಯನ ಅವರ ಕೆಲಸ. ತಿಮಿಂಗಿಲದ ಮೈಯಲ್ಲಿ ಸೇರಿಕೊಂಡ ವಿಷಗಳನ್ನು ಅಳೆಯುವುದೂ ಅದರಲ್ಲಿ ಒಂದು.

ನಮ್ಮ ಗೆಳೆಯನ ದೋಣಿ ನಿಲ್ಲುವ ಕೊಲ್ಲಿಯಲ್ಲೂ ನೀರಿಳಿದಾಗ ಕೆಸರಿನಲ್ಲಿ ಬಗ್ಗಿ ಕಪ್ಪೆಚಿಪ್ಪು ಅಗೆಯುವವರಿದ್ದಾರೆ. ಅದೇ ಅವರ ಸಂಪಾದನೆ. ಡಬ್ಬಿ ಆರಿಸುವಾಗ ನಾನು ನೆನೆಸಿಕೊಳ್ಳುವುದು ಅವರನ್ನು.

ಉಡುಪಿ, ಕುಂದಾಪುರ, ಹೊನ್ನಾವರ, ಅಂಕೋಲಾ ಕಡೆಯ ಬ್ಲಾಗಿಗರಲ್ಲಿ ಒಂದು ಕೋರಿಕೆ. ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ದೋಣಿಗಳನ್ನು ಮೇಲೆಳೆದು ರಿಪೇರಿ, ಬಣ್ಣ ಎಲ್ಲ ಮಾಡುತ್ತಾರಲ್ಲ, ನಿಮ್ಮೂರಲ್ಲಿ ಈಗ ತಳಕ್ಕೆ ಏನು ಹಚ್ಚುತ್ತಾರೆ? ನಿಮ್ಮ ಅಜ್ಜನ ಕಾಲದಲ್ಲಿ ಏನು ಹಚ್ಚುತ್ತಿದ್ದರು, ಎಣ್ಣೆಗೆ ಏನು ಬೆರೆಸುತ್ತಿದ್ದರು, ಬಾರ್ನಕಲ್ಲಿಗೆ ನಿಮ್ಮಲ್ಲಿ ಏನೆನ್ನುತ್ತಾರೆ? ಗೊತ್ತಿದ್ದರೆ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ನನಗೂ ಒಂದು ಸಾಲು ತಿಳಿಸಿ. ಘಾಟಿಯ ಮೇಲಿನವನಿಗೆ ಇದೆಲ್ಲ ಹೊಸತು.